ಊರೆಲ್ಲ ಓದಿತು, ನೀವೊಬ್ಬರು ಓದಲಿಲ್ಲ

ಅತನೂರ, ತಾ. ಅಫಜಲಪುರ
ಡಿಸೆಂಬರ್ 15, 2025

ಪ್ರೀತಿಯ ಸುಜಾತಾನ ಪಪ್ಪಾರಿಗೆ, ನಿಮ್ಮ ರಮಾಬಾಯಿಯ ಜೈಭೀಮ.

ನೀವು ಹೆಂಗ ಅದೀರಿ? ಗಡಿ ಮ್ಯಾಲಿನ ಆ ಹೊಸಾ ಠಾಣ್ಯಾಕ್ಕ ಏರಿ ಹೋದಾಗಿಂದ ನಿಮ್ಮ ಫೋನ್ ಹತ್ತವಲ್ದು. ಅಲ್ಲಿ ಬರೀ ಹಿಮ ಅಂತ, ಮೊಣಕಾಲ ನೋವು ಕಮ್ಮಿ ಆತೋ ಇಲ್ಲೋ? ಅತ್ತಿ ಕುಟ್ಟಿ ಕೊಟ್ಟ ಅಗಸಿ ಹಿಂಡಿ ಮುಗದಿರಬೇಕು, ಮತ್ತ ಕಳಸ್ತೇನಿ. ಇಲ್ಲಿ ನಾವು ಆರಾಮ ಅದೇವಿ. ಅತ್ತಿ ಬಿ.ಪಿ. ಗುಳಿಗಿ ದಿನಾ ತಗೋತಾರ, ನನ್ನ ಕಣ್ಣ ಮುಂದೇ ನುಂಗಸ್ತೇನಿ. ಸುಜಾತಾ ಗಣಿತದಾಗ ಚುರುಕ ಆಗ್ಯಾಳ, ಅಕ್ಷರ ಮಾತ್ರ ನಿಮ್ಮಂಗೇ ಕಾಗಿ ಕಾಲು. ತೊಗರಿ ಕಾಯಿ ಗಟ್ಟಿ ಆಗ್ಯಾದ, ಹೊಲದ ಫಿಕರ್ ಮಾಡಬ್ಯಾಡ್ರಿ.

ಈಗ ಇಲ್ಲಿ ಆದದ್ದು ಹೇಳ್ತೇನಿ. ಬ್ಯಾರೆಯವರ ಬಾಯಿಂದ ನಿಮಗ ಗೊತ್ತಾಗೋಕಿಂತ ನಾನೇ ಹೇಳೂದು ಛಲೋ, ಯಾಕಂದ್ರ ಯಡ್ರಾಮಿಗೆ ಕೊಟ್ಟ ನಿಮ್ಮ ತಂಗಿಗೂ ಅವತ್ತ ಸಂಜಿಯೊಳಗ ಸುದ್ದಿ ಮುಟ್ಟಿತ್ತು. ಫೋನ್ ಹತ್ತಲಿಲ್ಲಂದ್ರೂ ನಾ ದಿನಾ ಮಧ್ಯಾಹ್ನ ನಿಮಗ ಬರೀತಿದ್ದೆ. ವಾಟ್ಸಾಪಿನಾಗ ಕಳಿಸಿದ್ರ ಒಂದೇ ಗೀಟು ಬಂದು ಸುಮ್ಮ ಕುಂದರ್ತದ, ಅದನ್ನ ನೋಡಿದ್ರ ಸಂಕಟ. ಅದಕ್ಕ ಫೋನಿನ ನೋಟ್ಸಿನಾಗ ಬರದು ಇಡ್ತಿದ್ದೆ, ನೀವು ಕೆಳಗಿಳದ ದಿನ ಎಲ್ಲಾ ಕೂಡಿ ಕಳಸೂಣು ಅಂತ. ಹೋದ ವಾರ ಯಾಕೋ ಅಂದಿಂದು ಅಂದೇ ಕಳಸಬೇಕು ಅನಸ್ತು. ಒತ್ತಿ ಹಿಡದು ಕಾಪಿ ಮಾಡಿದೆ. ಅಷ್ಟ್ರಾಗ ನಮ್ಮ ಆರೋಗ್ಯ ಉಪಕೇಂದ್ರದ ನರ್ಸ್ ಲೀಲಾಬಾಯಿ ಅವರ ಫೋನ್ ಬಂತು. “ರಮಾ, ಗುರುವಾರ ಕೂಸುಗಳ ಲಸಿಕೆ ಅದ, ಸೂಚನಾ ಕಳಿಸೇನಿ, ತಾಯಂದಿರ ಗ್ರೂಪಿಗೆ ಜಲ್ದಿ ಹಾಕು” ಅಂದ್ರು. ನಮ್ಮ ಆಶಾ ಕಾರ್ಯಕರ್ತೆಯರ ಕೆಲಸ ನಿಮಗ ಗೊತ್ತೇ ಅದ, ಎಲ್ಲಾ ಜಲ್ದಿನೇ. ಕೈಯಾಗ ಜ್ವಾಳದ ಹಿಟ್ಟು. ಸೂಚನಾ ಕಾಪಿ ಆತು ಅಂದ್ಕೊಂಡೆ, ಅದು ಆಗಿರಲಿಲ್ಲ. ಗ್ರೂಪಿನಾಗ ಪೇಸ್ಟ್ ಮಾಡಿ, ನೋಡಲಾರದೇ ಕಳಿಸಿ, ರೊಟ್ಟಿ ಬಡಿಲಾಕ ಕುಂತೆ. ಹೋಗಿದ್ದು ಲಸಿಕಿ ಸೂಚನಾ ಅಲ್ಲ, ನಿಮಗ ಬರದ ಮಾತು.

ಏನು ಬರದಿದ್ದೆ ಅಂದ್ರ, ನೀವು ಪ್ರತಿ ವರ್ಷ ಏಪ್ರಿಲ್‌ದಾಗ ಭೀಮ ಜಯಂತಿಗೆ ರಜಾ ತಗೊಂಡು ಬರ್ತೀರಿ, ಬಿಸಲಾಗ ಬಂದು ಬಿಸಲಾಗೇ ಹೋಗ್ತೀರಿ. ಮಳಿಗಾಲದಾಗ ನನ್ನ ಗಂಡ ಹೆಂಗ ಕಾಣ್ತಾರ ಅಂತ ನನಗ ಗೊತ್ತಿಲ್ಲ. ಮಳಿ ಹತ್ತಿದ್ರ ನಿಮಗ ಏನು ತಿನಬೇಕನಸ್ತದ, ಈ ಎರಿ ಮಣ್ಣಿನ ಕೆಸರಾಗ ಹೆಂಗ ನಡೀತೀರಿ, ಗುಡುಗಿಗೆ ಎಚ್ಚರ ಆಗ್ತೀರೋ ಮಲಗೇ ಇರ್ತೀರೋ, ಲಗ್ನ ಆಗಿ ಇಷ್ಟು ವರ್ಷ ಆದ್ರೂ ಒಂದೂ ನೋಡಿಲ್ಲ. ನೀವು ಬಂದ ಮ್ಯಾಲ ನನ್ನ ನಾಚಿಕಿ ಹೋಗಿ ನಾಕು ಮಾತು ಜಗಳಾಡೋದ್ರಾಗ ಕಲಬುರಗಿಗೆ ಹೋಗಿ ರೈಲು ಹತ್ತೂ ದಿನ ಬಂದಿರ್ತದ. ಇನ್ನೂ ಎರಡು ವರ್ಷ ನೌಕರಿ ಮುಂದುವರಸಲ್ಯಾ ಅಂತ ಕೇಳಿದಾಗ “ನಿಮ್ಮ ಮರ್ಜಿ” ಅಂದೆ. ಖರೇ ಅಂದ್ರ ನನ್ನ ಮರ್ಜಿ ಬ್ಯಾರೇನೇ ಇತ್ತು. ಇಷ್ಟು ಬರದಿದ್ದೆ.

ಮೊದಲ ಫೋನ್ ಬಂದಿದ್ದು ಓಣ್ಯಾಗಿನ ಮರೆಮ್ಮಂದು, ಅವಳ ಗಂಡ ಪುಣೇಕ್ಕ ಕಟ್ಟಡದ ಕೆಲಸಕ್ಕ ಹೋಗ್ಯಾನಲ್ಲ, ಅಕಿ. “ಅಕ್ಕಾ, ಇದು ಲಸಿಕಿದಲ್ಲ” ಅಂದಳು. ಗಾಬರ್ಯಾಗ ಅಳಸಲಾಕ ಹೋಗಿ “ನನಗೆ ಮಾತ್ರ ಅಳಿಸಿ” ಅನ್ನೂದು ಒತ್ತಿಬಿಟ್ಟೆ. ನನ್ನ ಫೋನಿನಾಗ ಹೋತು, ಊರ ಫೋನಿನಾಗೆಲ್ಲಾ ಉಳೀತು. ಲೀಲಾಬಾಯಿ ಅವರು ಗ್ರೂಪಿನ ಅಡ್ಮಿನ್, ಅವರು ತಗಿಯೂದರಾಗ ಯಾರೋ ಕಾಪಿ ಮಾಡಿ ಬ್ಯಾರೆ ಗ್ರೂಪುಗಳಿಗೆ ಹಾಕಿದ್ರು. ಮರುದಿನ ಚಹಾದ ಅಂಗಡಿ ಮುಂದ ದಾಟೂ ಮುಂದ ಗಂಡಸರು ಮಾತು ನಿಲ್ಲಿಸಿದ್ರು. ಒಬ್ಬಾಂವ ಮಾತ್ರ, “ಆಶಾಬಾಯಿ, ಈ ವರ್ಷ ಮಳಿ ಹೆಂಗ?” ಅಂದ. ತಿರುಗಿ ನೋಡಲಿಲ್ಲ. ಮನಿ ಮುಟ್ಟಿ ಬಾಗಲಾ ಹಾಕ್ಕೊಂಡು ಅತ್ತುಬಿಟ್ಟೆ.

ಗುರುವಾರ ಹೆಂಗ ಮಾರಿ ತೋರಸೂದು ಅಂತ ಹೆದರಿಕೊಂಡೇ ಲಸಿಕೆಗೆ ಹೋದೆ. ಯಾರೂ ನಗಲಿಲ್ಲ. ಮರೆಮ್ಮ ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡು ಬಾಜೂಕ ಬಂದು ಕುಂತಳು. “ನೀವು ಬರದದ್ದು ಕಾಪಿ ಮಾಡಿ ಇಟ್ಟೇನಕ್ಕಾ, ನಮ್ಮಂವಗ ಕಳಸಲ್ಯಾ? ನನಗ ಅಷ್ಟು ಛಲೋ ಬರೂದಿಲ್ಲ” ಅಂತ ಕೇಳಿದಳು. ಅದು ನನ್ನ ಗಂಡಗ ಬರದದ್ದು, ನಿನ್ನ ಮನಸ್ಸಿನಾಗಿಂದು ಹೇಳು, ನಾ ಬರೀತೇನಿ ಅಂದೆ. ಅಕಿ, “ಮೊದಲ ಎಲ್ಲಾರೂ ಆರಾಮ ಅದೇವಿ ಅಂತ ಹಾಕ್ರಿ. ಬರೇ ನೆನಪಾಗ್ತದ ಅಂದ್ರ ಮನ್ಯಾಗ ಯಾರಿಗೋ ಏನೋ ಆಗ್ಯಾದ ಅಂತ ಓಡಿ ಬರ್ತಾನ” ಅಂದಳು. ಇಬ್ಬರೂ ನಕ್ಕೆವು. ಆಮ್ಯಾಲ ಅಕಿ ಕೂಸಿನ ಟೊಪಗಿ ಸರಿ ಮಾಡ್ಕೋತ, ತಲಿ ಎತ್ತಲಾರದೇ, “ಓಡಿ ಬಂದ್ರ ಬರಲಿ ಅಕ್ಕಾ. ನೆನಪಾಗ್ತದ ಅನ್ನೂದನ್ನೇ ಮೊದಲ ಹಾಕ್ರಿ” ಅಂದಳು.

ಎಲ್ಲಾರೂ ಹೋದ ಮ್ಯಾಲ ಲೀಲಾಬಾಯಿ ನನ್ನ ಫೋನ್ ಇಸ್ಕೊಂಡು, ಕೀಬೋರ್ಡಿನ ಮ್ಯಾಲಿನ ಸಣ್ಣ ಚಿತ್ರ ಒತ್ತಿ ಕ್ಲಿಪ್‌ಬೋರ್ಡ್ ತೋರಿಸಿದ್ರು. ಕಾಪಿ ಮಾಡಿದ್ದೆಲ್ಲಾ ಅಲ್ಲಿ ಸಾಲಾಗಿ ಕುಂತಿತ್ತು. ನಿಮಗ ಬರದಿದ್ದು, ಒಬ್ಬ ಬಾಣಂತಿ ಆಧಾರ್ ನಂಬರು, ನನ್ನ ಬ್ಯಾಂಕಿನ ಪಾಸ್‌ವರ್ಡ್. “ನಿನ್ನ ನಾಚಿಕಿ ನಾಕು ದಿನಕ್ಕ ಹೋಗ್ತದ ರಮಾ. ಆ ಬಾಣಂತಿ ನಂಬರು ಹೋಗಿದ್ರ ಅಕಿಗೆ ಏನು ಹೇಳ್ತಿದ್ದಿ?” ಅಂದ್ರು. ಪಾಸ್‌ವರ್ಡ್, ಓಟಿಪಿ ಕಾಪಿನೇ ಮಾಡಬಾರದಂತ. ಬ್ಯಾರೆಯವರ ನಂಬರು ಮಾಡಿದ್ರ ಕೆಲಸ ಮುಗದ ಕೂಡ್ಲೆ ಅಳಸಬೇಕಂತ, ಕಂಡ ಕಂಡ ಆ್ಯಪ್ ಹಾಕ್ಕೊಂಡ್ರ ಅವೂ ಅಲ್ಲಿ ಹಣಿಕಿ ಹಾಕಬಹುದಂತ. ಪೇಸ್ಟ್ ಮಾಡಿದ ಮ್ಯಾಲ ಏನು ಬಂದದ, ಯಾರಿಗೆ ಹೊಂಟದ ಅಂತ ಓದೇ ಕಳಸಬೇಕು. ನೀವೂ ನಿಮ್ಮ ಫೋನಿನಾಗ ನೋಡ್ಕೋರಿ. ನಾ ಒಂದೊಂದೇ ಅಳಸಿದೆ. ನಿಮ್ಮದು ಬಂದಾಗ ಬೆರಳು ಜರಾ ನಿಂತಿತು. ಅದನ್ನೂ ಅಳಸಿದೆ.

ಅತ್ತಿ ಈ ಸುದ್ದಿಗೆ ನನಗ ಇಲ್ಲಿ ತನಕ ಒಂದು ಮಾತೂ ಅಂದಿಲ್ಲ. ಯಾರೋ ಓದಿ ಕೇಳಸ್ಯಾರ ಅಂತ ಮಾತ್ರ ಗೊತ್ತಾಗ್ಯಾದ. ಸಿಟ್ಟೋ ಏನೋ ತಿಳೀವಲ್ದು. ಸುಜಾತಾ ನಿಮಗ ಮುತ್ತು ಕೊಟ್ಟಾಳ. ಕಾಲು ಬೆಚ್ಚಗ ಇಟ್ಕೋರಿ, ಹೊಟ್ಟಿ ತುಂಬ ಉಣ್ರಿ, ಸಂಗಾತಿಗಳಿಗೆಲ್ಲಾ ನಮ್ಮ ನಮಸ್ಕಾರ ಹೇಳ್ರಿ.

ನಿಮ್ಮ ದಾರಿ ನೋಡೂ
ರಮಾಬಾಯಿ

ತಾ.ಕ.: ಅಂಚೆಯವರು ಬಾಗಲದಾಗ ನಿಂತಾರ. ಪಾಕೀಟು ಅಂಟಸೂ ಮುಂದ ಅತ್ತಿ ಬಂದು ಇದನ್ನೆಲ್ಲಾ ಓದಿಸಿಕೊಂಡು ಕೇಳಿದ್ರು. ಕೇಳಿ, “ನೌಕರಿ ಬಿಡಬ್ಯಾಡ ಅಂತ ನನ್ನ ಮಗ ಜಗದೇವಗ ನಾನೇ ಹೇಳಿದ್ದೆ. ಅದು ನಾಕು ಮಂದ್ಯಾಗ ದೊಡ್ಡಸ್ತಿಕಿಗೆ ಅಂದ ಮಾತು. ನನಗೂ ಕಾಯೂದು ಆಗವಲ್ದು ಅಂತ ಬರಿ” ಅಂದ್ರು. ಇನ್ನೂ ಎರಡು ವರ್ಷ ನೌಕರಿ ಮುಂದುವರಸೂ ಆ ಕಾಗದಕ್ಕ ಸಹಿ ಮಾಡಬ್ಯಾಡ್ರಿ. ಮನಿಗಿ ಬರ್ರಿ.