ಸೀಡ್ ಟ್ಯಾಂಕಿಗೆ ಪಂಚಾಮೃತ

೧೪ ಮೇ, ಗುರುವಾರ

ಎರಡು ಸಲ ಸ್ನಾನ ಮಾಡಿದರೂ ಮೈಯಿಂದ ಆ ಹುಳಿ ನಾತ ಹೋಗಿಲ್ಲ. ಅನ್ನದ ತಟ್ಟೆಯನ್ನು ಹಾಗೇ ಸರಿಸಿ ಎದ್ದೆ.

ಕಲ್ಲೂರಿನ ನಮ್ಮ ಎಥೆನಾಲ್ ಫ್ಯಾಕ್ಟರಿಗೆ ಬಂದದ್ದು ಅಂತಿಂಥ ಯೀಸ್ಟ್ ಅಲ್ಲ. ಈ ಕಡೆಯ ಬಿಸಿಲಿಗೂ ಸಾಯದ ಹಾಗೆ ಹೈದರಾಬಾದಿನ ಲ್ಯಾಬಿನವರು ಅದರ ಜೀನನ್ನೇ ಕತ್ತರಿಸಿ ತಿದ್ದಿದ್ದರು. ಫ್ಯಾಕ್ಟರಿಯ ಲ್ಯಾಬ್ ನೋಡಿಕೊಳ್ಳುವ ನಾನು ಅದನ್ನು ವಾರವೆಲ್ಲ ಕೂಸಿನಂತೆ ಸಾಕಿದ್ದೆ. ಸೋಮವಾರ ಪೂಜೆಯ ಹೊತ್ತಿಗೆ ಮ್ಯಾನೇಜರ್ ಬಸವಂತರಾಯರು ಆ ಯೀಸ್ಟ್ ಬೆಳೆಯುತ್ತಿದ್ದ ಸೀಡ್ ಟ್ಯಾಂಕಿನ ಮುಚ್ಚಳ ತೆಗೆಸಿ, ಒಂದು ತಂಬಿಗೆ ಪಂಚಾಮೃತ ಸುರಿದೇಬಿಟ್ಟರು.

“ಸರ್, ಅದರಾಗ ಮೊಸರು ಅದರೀ! ಹಾಲಿಗೆ ಹೆಪ್ಪು ಹಾಕಿದಂಗ ಆಗ್ತದ!” ಎಂದು ಕೂಗಿದೆ.

“ದೇವರ ತೀರ್ಥಕ್ಕ ಹಂಗ ಅನಬ್ಯಾಡವಾ, ಮಲ್ಲೇಶ್ವರಿ.”

ಇಂದು ಸೂಕ್ಷ್ಮದರ್ಶಕದಲ್ಲಿ ಯೀಸ್ಟಿಗಿಂತ ಮೊಸರಿನ ಬ್ಯಾಕ್ಟೀರಿಯಾವೇ ಹೆಚ್ಚು. ಎಲ್ಲವನ್ನೂ ಚರಂಡಿಗೆ ಬಿಟ್ಟೆವು. ಕೆಲಸದಾಳು ಯಮನೂರಪ್ಪ ಮೂಗಿಗೆ ಟವೆಲ್ ಕಟ್ಟಿಕೊಂಡು ಟ್ಯಾಂಕ್ ತೊಳೆಯುತ್ತಿದ್ದರೆ, ಈ ಬಸವಂತರಾಯರು ಪಕ್ಕದಲ್ಲೇ ನಿಂತು ಮಾಲೀಕರಿಗೆ ಫೋನಿನಲ್ಲಿ ಹೇಳುತ್ತಿದ್ದರು: “ಜೀನ್ ತಿದ್ದಿದ್ದು ನಮ್ಮ ಕಡಿ ನೀರಿಗೆ ಹೊಂದಂಗಿಲ್ರೀ. ಹಳೀದೇ ಚಲೋ ಇತ್ತು.”

ಥೂ! ಟ್ಯಾಂಕಿನ ನಾತವನ್ನಾದರೂ ತಡೆದುಕೊಳ್ಳಬಹುದು.

ನಾನು ಹೊರಡುವಾಗ ನಗುತ್ತ ಬಂದರು. “ನಾಳಿ ದೃಷ್ಟಿ ತೆಗೆಯೋ ಪೂಜಿ ಇಟ್ಟೀನಿ. ನಿಮ್ಮವ್ವ ಹಾಕಿದ ಗಟ್ಟಿ ಮೊಸರು ತಗೊಂಡ್ ಬಾರವಾ.”

ಮನೆಗೆ ಬಂದು ಸಿಟ್ಟಿನಲ್ಲಿ ಅವ್ವನ ಮುಂದೆ ಇದೆಲ್ಲವನ್ನೂ ಒದರಿದೆ. ಅವಳ ಕಿವಿಗೆ ಬಿದ್ದದ್ದು ಪೂಜೆಯ ಮಾತೊಂದೇ. ಈಗ ನೀರು ಕುಡಿಯಲೆಂದು ಅಡುಗೆಮನೆಗೆ ಹೋದರೆ ಒಲೆಯ ಪಕ್ಕದಲ್ಲಿ ದೊಡ್ಡ ಪಾತ್ರೆ. ದೇವರ ಕೆಲಸವಲ್ಲವೇ, ಮನೆಯ ಹಾಲನ್ನೆಲ್ಲ ಹೆಪ್ಪಿಗೆ ಇಟ್ಟಿದ್ದಾಳೆ.

ಮುಚ್ಚಳ ಸರಿಸಿ ನೋಡಿದೆ. ಆಗಲೇ ಗಟ್ಟಿಯಾಗತೊಡಗಿದೆ.