ಲಾಕ್ಲನ್ ಕೊಟ್ಟ ಓಟು

ನಾಕ್‌ಬೆಗ್, ಕ್ಲೇರ್ ಸೀಮೆ, ಐರ್ಲೆಂಡ್
೯ ನವೆಂಬರ್ ೧೮೨೯

ಪ್ರೀತಿಯ ತಮ್ಮ ಸೆನನ್‌ಗೆ,

ಅಕ್ಕ ಮಾರ್ಸೆಲ್ಲಾಳ ಆಶೀರ್ವಾದ. ನ್ಯೂಫೌಂಡ್‌ಲ್ಯಾಂಡಿನಿಂದ ನೀನು ಬರೆದ ಎರಡೂ ಕಾಗದ ತಲುಪಿದವು. ‘ಗೆದ್ದೆವಕ್ಕಾ! ಲಾಕ್ಲನ್ ಭಾವ ಏನಂದರು?’ ಎಂದು ಎರಡರಲ್ಲೂ ಕೇಳಿದ್ದೀಯ. ಇಷ್ಟು ತಡವಾಗಿದ್ದಕ್ಕೆ ಕ್ಷಮಿಸು. ನಿನ್ನ ಮೇಲೆ ಸಿಟ್ಟಿರಲಿಲ್ಲ. ಮೊದಲು ಕೂತು ಬರೆಯಲು ಜಾಗವಿರಲಿಲ್ಲ, ಆಮೇಲೆ ಧೈರ್ಯವಿರಲಿಲ್ಲ.

ಏಪ್ರಿಲಿನಲ್ಲಿ ಆ ಕಾನೂನಿನ ಸುದ್ದಿ ಬಂದ ದಿನ ಗುಡ್ಡಗುಡ್ಡದ ಮೇಲೂ ಬೆಂಕಿ ಹಾಕಿದರು. ಮುದುಕಿಯರೂ ರಸ್ತೆಯಲ್ಲಿ ಕುಣಿದರು. ಕ್ಯಾಥೊಲಿಕನೊಬ್ಬ ತನ್ನ ಧರ್ಮ ಬಿಡದೆ ಪಾರ್ಲಿಮೆಂಟಿನಲ್ಲಿ ಕೂರಬಹುದು ಎಂದರೆ ಕಡಿಮೆ ಮಾತೇ? ಕ್ಲಾನ್ಸಿ ಮೇಷ್ಟ್ರು ಕಲ್ಲಿನ ಮೇಲೆ ಹತ್ತಿ ನಿಂತು ಪತ್ರಿಕೆ ಓದಿದರು. ನಿನ್ನ ಭಾವ ಮುಂದೆಯೇ ನಿಂತಿದ್ದರು.

“ಜಡ್ಜ್ ಆಗ್ಬೋದು, ಮಂತ್ರಿ ಆಗ್ಬೋದು ಅಂತೆಲ್ಲ ಓದಿದ್ರಿ ಮೇಷ್ಟ್ರೇ. ನಂಗೇನು ಬಂತು, ಅದನ್ನೋದಿ,” ಎಂದರು.

ಮೇಷ್ಟ್ರು ಪುಟ ತಿರುಗಿಸಿ ತಿರುಗಿಸಿ ನೋಡಿದರು. “ನಿಂಗೆ ಬಂದಿಲ್ಲ ಲಾಕ್ಲನ್, ಹೋಗಿದೆ. ಇನ್ನೊಂದು ಕಾನೂನೂ ಜೊತೇಲೇ ಮಾಡವ್ರೆ. ನಲವತ್ತು ಶಿಲಿಂಗ್ ಬಾಳೋ ಜಮೀನಿನೋರಿಗೆ ಇನ್ಮೇಲೆ ಓಟಿಲ್ಲ. ಹತ್ತು ಪೌಂಡ್ ಬಾಳ್ಬೇಕಂತೆ.”

ನಮ್ಮೂರಿನಲ್ಲಿ ಅಷ್ಟು ಜಮೀನು ಯಾರಿಗಿದೆ ಹೇಳು? ನಿನ್ನ ಭಾವನೇ ನಕ್ಕುಬಿಟ್ಟರು. “ಹೋಗ್ಲಿ ಬಿಡಿ. ಜಮೀನೇ ಇಲ್ಲ, ಓಟಿಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?” ಜನ ಹೊಟ್ಟೆ ಹಿಡಿದು ನಕ್ಕರು. ಅವರು ನಗುತ್ತ ನಗುತ್ತ ಕೆಮ್ಮತೊಡಗಿದರು. ಆ ಕೆಮ್ಮು ನಿಲ್ಲಲೇ ಇಲ್ಲ.

ಜಮೀನು ಹೋದದ್ದು ನಿನಗೆ ತಿಳಿಯದು. ಹಿಂದಿನ ವರ್ಷ ಜುಲೈನಲ್ಲಿ ಊರಿನ ಫಾದರ್ ಆಗಿ ನೀನೇ ಮುಂದೆ ನಿಂತು ನಮ್ಮವರನ್ನೆಲ್ಲ ಓಟು ಹಾಕಲು ಎನಿಸ್ ಪಟ್ಟಣಕ್ಕೆ ನಡೆಸಿಕೊಂಡು ಹೋದೆ. ಹೊರಡುವ ಮುಂಚೆ ನಮ್ಮ ಒಲೆಯ ಪಕ್ಕ ಕೂತು ನಿನ್ನ ಭಾವ ಕೇಳಿದ್ದು ನೆನಪಿದೆಯೇ? “ಓಟು ಹಾಕ್ತೀನಿ ಸೆನನ್. ಮನೆ ಹೋದ್ರೆ?” ನೀನು ಅವರ ಹೆಗಲ ಮೇಲೆ ಕೈಯಿಟ್ಟು, “ಊರೇ ನಿಂತಿದೆ ಭಾವ, ನಾನಿದೀನಿ,” ಎಂದೆ. ನಮ್ಮ ಜಮೀನಿನ ಒಡೆಯ ದೊರೆ ವೆಲ್ಡನ್ ಓಟು ಬರೆದುಕೊಳ್ಳುವ ಮೇಜಿನ ಪಕ್ಕದಲ್ಲೇ ನಿಂತು ಒಬ್ಬೊಬ್ಬರ ಮುಖವನ್ನೂ ದುರುಗುಟ್ಟಿ ನೋಡುತ್ತಿದ್ದರಂತೆ. ಇವರು ಟೋಪಿ ತೆಗೆದು, ನಮ್ಮ ಕ್ಯಾಥೊಲಿಕ್ ಅಭ್ಯರ್ಥಿಯ ಹೆಸರನ್ನು ಬೀದಿಗೆ ಕೇಳುವ ಹಾಗೆ ಕೂಗಿ ಹೇಳಿದರಂತೆ. ಮನೆಗೆ ಬಂದವರೇ, “ಮಾರ್ಸೆಲ್ಲಾ, ಇವತ್ತು ನನ್ನ ಧ್ವನಿ ನಂಗೇ ಹೊಸದಾಗಿ ಕೇಳಿಸ್ತು ಕಣೇ,” ಎಂದರು. ಅಂಥ ಮುಖವನ್ನು ನಮ್ಮ ಮದುವೆಯ ದಿನವೂ ನಾನು ನೋಡಿರಲಿಲ್ಲ.

ಸೆಪ್ಟೆಂಬರಿನಲ್ಲಿ ಬಿಷಪ್ಪರು ನಿನ್ನನ್ನು ಹಡಗು ಹತ್ತಿಸಿದರು. ಮಾರ್ಚಿನಲ್ಲಿ ದೊರೆಯ ಪಾರುಪತ್ಯಗಾರ ಟಿಸ್ಡಲ್ ಆಳುಗಳನ್ನು ಕರೆದುಕೊಂಡು ಬಂದ. ಗುತ್ತಿಗೆ ಹಣ ಕಟ್ಟಲು ಆರು ತಿಂಗಳ ಗಡುವು ಹಿಂದಿನಿಂದ ಬಂದ ವಾಡಿಕೆ. ಓಟು ಹಾಕಿದವರಿಗೆ ಮಾತ್ರ ಅದು ರದ್ದಾಯಿತು. ಹನ್ನೊಂದು ಮನೆಗಳ ಸೂರು ಕಿತ್ತರು. ನಮ್ಮದನ್ನು ಕೀಳುವಾಗ ನಿನ್ನ ಭಾವ ಹೊರಗೆ ನಿಂತು, “ಆ ತೊಲೆ ನಿಧಾನ ಕಣ್ರೋ, ನಮ್ಮಪ್ಪ ಕೂರಿಸಿದ್ದು,” ಎನ್ನುತ್ತಿದ್ದರು. ನಮಗೆ ಜಾಗ ಕೊಟ್ಟವರ ಮನೆಯನ್ನೂ ಕೀಳುತ್ತೇವೆಂದು ಸಾರಿದ್ದರಿಂದ ಯಾರ ಬಾಗಿಲನ್ನೂ ನಾವು ತಟ್ಟಲಿಲ್ಲ. ಜೌಗಿನ ದಿಬ್ಬಕ್ಕೆ ಮರದ ಕೊಂಬೆ ಒರಗಿಸಿ, ಮೇಲೆ ಹುಲ್ಲುಹೆಂಟೆ ಹೊದಿಸಿ, ಒಳಗೆ ಮಕ್ಕಳಿಬ್ಬರೂ ನಾವಿಬ್ಬರೂ ನಾಲ್ಕು ಜೀವ ಸೇರಿಕೊಂಡೆವು.

ಆಗಸ್ಟ್ ಇಪ್ಪತ್ತರಂದು ನಿನ್ನ ಭಾವ ಹೋದರು. ನಿನ್ನ ಜಾಗದ ಹೊಸ ಫಾದರ್ ಬಂದು ಪವಿತ್ರ ಎಣ್ಣೆ ಹಚ್ಚಿ ಕೊನೆಯ ಅಭ್ಯಂಗ ಕೊಟ್ಟರು, ಅದಕ್ಕೇನೂ ಕೊರತೆಯಾಗಲಿಲ್ಲ. ಆ ಬೆಳಿಗ್ಗೆ ಅವರಿಗೆ ಎಚ್ಚರ ಚೆನ್ನಾಗಿತ್ತು. “ಸೆನನ್‌ಗೆ ಬರಿ,” ಎಂದರು. “ತಪ್ಪು ಮಾಡ್ದೆ ಅಂತ ನಂಗನ್ಸಿಲ್ಲ. ಇನ್ನೊಂದ್ಸಲ ಕೇಳಿದ್ರೂ ಅದನ್ನೇ ಹೇಳ್ತೀನಿ. ಕೇಳೋರೇ ಇಲ್ವಲ್ಲ ಈಗ.”

ಅವರು ಹೇಳಿದ್ದನ್ನು ಬರೆದಿದ್ದೇನೆ. ನೀನು ಮೋಸ ಮಾಡಿದೆ ಎಂದು ಅವರೂ ಅನ್ನಲಿಲ್ಲ, ನಾನೂ ಅನ್ನುವುದಿಲ್ಲ. ಆದರೆ ಕೆಲವು ಹೊತ್ತು, ನೀರಿಗೆ ಹೋಗುವಾಗ, ನಿನ್ನೊಡನೆ ಜಗಳವಾಡಿಕೊಂಡೇ ಹೋಗುತ್ತೇನೆ.

ಊನಾಗೆ ಒಂಬತ್ತು ತುಂಬಿತು, ಅಕ್ಷರ ದುಂಡಗೆ ಬರೆಯುತ್ತಾಳೆ. ಮಾಹನ್‌ಗೆ ಐದು, ಎಲ್ಲದಕ್ಕೂ ಪ್ರಶ್ನೆ. ಆ ಚಳಿನಾಡಿನಲ್ಲಿ ಎದೆಗೆ ಉಣ್ಣೆ ಕಟ್ಟಿಕೊಂಡು ಓಡಾಡು, ಊಟ ಬಿಡಬೇಡ. ಅಪ್ಪ ಅಮ್ಮನ ಪುಣ್ಯ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಮಾರ್ಸೆಲ್ಲಾ

ಮರೆತ ಮಾತು: ಮರೆತದ್ದಲ್ಲ ತಮ್ಮಾ, ಮೇಲೆ ಬರೆಯಲು ಕೈ ಬರಲಿಲ್ಲ.

ಅಕ್ಟೋಬರಿನಲ್ಲಿ ಊನಾಗೂ ಅಪ್ಪನದೇ ಕೆಮ್ಮು ಹತ್ತಿತು. ಟಿಸ್ಡಲ್‌ನ ಹೆಂಡತಿ ನಮ್ಮ ಗೂಡಿಗೆ ಬಂದು, “ಎಸ್ಟೇಟಿನ ಗೇಟಿನ ಹತ್ರ ಒಂದ್ಮನೆ ಖಾಲಿ ಇದೆ. ನೀನು ನಮ್ಮ ಪ್ರೊಟೆಸ್ಟೆಂಟ್ ಚರ್ಚಿಗೆ ಬರ್ಬೇಕು, ಮಕ್ಕಳು ನಮ್ಮ ಶಾಲೆಗೆ ಬರ್ಬೇಕು, ಅಷ್ಟೆ,” ಎಂದಳು. ಮೂರು ಸಲ ಬೈದು ಕಳಿಸಿದೆ. ನಾಲ್ಕನೆಯ ಸಲ ಅವಳು ಬಂದಾಗ ಊನಾ ಕೆಮ್ಮಿದ ಬಟ್ಟೆಯಲ್ಲಿ ರಕ್ತವಿತ್ತು.

ಸಕಲ ಸಂತರ ಹಬ್ಬದ ಭಾನುವಾರ ನಾನು ಅವರ ಚರ್ಚಿನಲ್ಲಿ ಎದ್ದು ನಿಂತೆ. ನೀನು ರೊಟ್ಟಿ ದ್ರಾಕ್ಷಾರಸವಿಟ್ಟು ಮಾಡುವ ನಮ್ಮ ಬಲಿಪೂಜೆ ಸುಳ್ಳು ಎಂದು ಈ ಬಾಯಿಂದಲೇ ಹೇಳಿದೆ. ಹೆಸರು ಬರೆದುಕೊಂಡರು. ಈಗ ಊನಾ ಒಣ ಹಾಸಿಗೆಯಲ್ಲಿ ಮಲಗುತ್ತಾಳೆ, ಕೆಮ್ಮು ಇಳಿದಿದೆ. ಊರಿನ ಹೆಂಗಸರು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ಅವರ ತಪ್ಪಲ್ಲ.

ಆ ಭಾನುವಾರ ಮನೆಗೆ ಬರುವ ದಾರಿಯಲ್ಲಿ ಮಾಹನ್ ಕೇಳಿದ: “ಅಮ್ಮಾ, ಅಪ್ಪ ಇರೋ ಸ್ವರ್ಗಕ್ಕೆ ಈಗ ನಮ್ಮನ್ನ ಬಿಡ್ತಾರಾ?” ನೀನು ಓದಿದವನು, ಉತ್ತರ ಬರೆದು ಕಳಿಸು. ನನಗೆ ಬರೆಯಲು ಮನಸ್ಸಾಗದಿದ್ದರೆ ಅವನ ಹೆಸರಿಗೇ ಬರಿ. ಊನಾ ಓದಿ ಹೇಳುತ್ತಾಳೆ. ನಾನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತೇನೆ.