ಹಿಮದಡಿಯ ಹುಲ್ಲು

ಇನಾರಿ, ಜೂನ್

ಮನೆಯ ಮಾಲೀಕರಾದ ತಾಪಾನಿಯವರಿಗೆ ವಂದನೆಗಳು.

ಹಿಮ ಕರಗಿ ಹುಲ್ಲುಹಾಸು ಹಸಿರಾಗಿದೆ. ಬಾಗಿಲಿನಿಂದ ಸರೋವರದವರೆಗೆ ಮಾತ್ರ ಹೆಜ್ಜೆಗುರುತುಗಳು ಹಳದಿಯಾಗಿ ಉಳಿದಿವೆ. ಚಳಿಗಾಲವೆಲ್ಲ ನನ್ನ ಗಂಡ ಏಲಿಸ್ ಹೆಪ್ಪುಗಟ್ಟಿದ ಸರೋವರದಲ್ಲಿ ತೂತು ಕೊರೆದು ಮೀನು ಹಿಡಿಯಲು ನಡೆದ ದಾರಿ ಅದು. ತುಳಿದ ಹಿಮ ಗಡ್ಡೆಕಟ್ಟಿ ಅಡಿಯ ಹುಲ್ಲನ್ನು ಸಾಯಿಸುತ್ತದೆ.

“ಹುಲ್ಲು ತುಳೀಬೇಡ ಮಾರಾಯ” ಎಂದರೆ, “ನಾನು ತುಳೀತಿರೋದು ಹಿಮ ಕಣೇ, ಹುಲ್ಲೆಲ್ಲಿದೆ ತೋರ್ಸು ನೋಡೋಣ” ಎನ್ನುತ್ತಿದ್ದ.

ಮಾರ್ಚಿನಲ್ಲಿ ಅವನನ್ನು ಮಣ್ಣು ಮಾಡಿದೆವು. ಈಗ ನಮ್ಮ ಈ ಉತ್ತರದ ತುದಿಯಲ್ಲಿ ರಾತ್ರಿಯೂ ಸೂರ್ಯ ಮುಳುಗುವುದೇ ಇಲ್ಲ. ಕಿಟಕಿಯಿಂದ ಯಾವಾಗ ನೋಡಿದರೂ ಅವನು ಈಗಷ್ಟೇ ಸರೋವರದ ಕಡೆ ಹೋದಂತಿರುತ್ತದೆ.

ಶನಿವಾರ ಬಂದು ಹಳದಿಯಾದ ಕಡೆ ಹೊಸ ಹುಲ್ಲಿನ ಬೀಜ ಬಿತ್ತುತ್ತೇನೆಂದು ತಿಳಿಸಿದ್ದೀರಿ. ದಯವಿಟ್ಟು ಈ ಬೇಸಿಗೆ ಬೇಡ. ಅಕ್ಕಪಕ್ಕದ ಹುಲ್ಲು ತಾನಾಗಿಯೇ ಹಬ್ಬಿ ಆ ಹೆಜ್ಜೆಗುರುತುಗಳನ್ನು ಮುಚ್ಚುತ್ತದೆ. ಅದು ನಿಧಾನವಾಗಿಯೇ ಆಗಲಿ.

ಇಂತಿ ನಿಮ್ಮ ಬಾಡಿಗೆಯವಳು,
ಸೈಮಿ